ಅಮ್ಮನ ಕಣ್ಣು, ಭಯ್ಯಾನ ಹಸು

ಗೆಳೆಯರೇ, ಇವತ್ತು ಬೆಳಿಗ್ಗೆ ಆರ್.ಕೆ.ಪುರಂನ ನಮ್ಮ ಕ್ವಾರ್ಟರ್ಸ್‌ಗೆ ಬಂದ ಹಾಲಿನ ಭಯ್ಯಾ ಅಮ್ಮನ ಕಾಲಿಗೆ ಬಿದ್ದ!

ಹೋದ ತಿಂಗಳು ಇದೇ ಮನುಷ್ಯ, ಅಮ್ಮ ನೋಡಿ ಹೋದ ಮೇಲೆಯೇ ಹಸುವಿನ ಹಾಲು ಅರ್ಧಕ್ಕಿಳಿಯಿತೆಂದು ದೂರಿದ್ದ. "ನಜರ್ ಲಗ್ ಗಯೀ", ದೃಷ್ಟಿ ತಾಗಿತು ಎನ್ನುತ್ತ ಅದರ ಕೊಂಬಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದ.

ಅದನ್ನು ಕೇಳಿದ್ದೇ ಅಮ್ಮ ಅಂದೇ ಸೀದಾ ಅವನ ಕೊಟ್ಟಿಗೆಗೆ ನಡೆದರು. ಕೆಚ್ಚಲು ಮುಟ್ಟಿದರೆ ಸುಡುತ್ತಿತ್ತು. ಮೊದಲ ಹಾಲನ್ನು ತಮ್ಮ ಕಪ್ಪು ಕೊಡೆಯ ಮೇಲೆ ಹಿಂಡಿದರು. ಆ ಕಪ್ಪಿನ ಮೇಲೆ ಮೊಸರಿನಂಥ ಬಿಳಿ ಗಂಟುಗಳು ಎದ್ದು ಕಂಡವು.

"ಕೆಚ್ಚಲು ಬಾವು ಕಣೋ! ಹಾಲು ಇಳಿದಿದ್ದು ನನ್ನ ಕಣ್ಣಿಂದಲ್ಲ, ನಿನ್ನ ತೊಳೆಯದ ಕೈಯಿಂದ. ಡಾಕ್ಟರನ್ನ ಕರಿ!"

ನಾನು ಒಂದಕ್ಷರ ಬಿಡದೆ ಹಿಂದಿಗೆ ತಿರುಗಿಸಿದೆ.

ಮದ್ದಾಯಿತು, ಕೈ ತೊಳೆಯುವುದೂ ಶುರುವಾಯಿತು. ಇವತ್ತು ಕ್ಯಾನು ಮತ್ತೆ ತುಂಬಿ ಬಂದಿದೆ. ಹೋಗುವಾಗ ಭಯ್ಯಾ ಹೊಸ ನಿಂಬೆಹಣ್ಣು, ಮೆಣಸಿನಕಾಯಿಯನ್ನು ನಮ್ಮ ಬಾಗಿಲಿಗೇ ಕಟ್ಟಿದ. ಮಾತಾಜಿಗೆ ಯಾರ ನಜರೂ ತಾಗಬಾರದಂತೆ!