ಮೈಕಿನಲ್ಲಿ ಮಾಡಿಸಿದ ಪ್ರತಿಜ್ಞೆ

ನಮ್ಮ ಹೆಡ್‌ಮಾಸ್ಟರಿಗೆ ಮೈಕು ಕಂಡರೆ ಆಗುತ್ತಿದ್ದಷ್ಟು ಖುಷಿ ಮಕ್ಕಳನ್ನು ಕಂಡರೆ ಆಗುತ್ತಿರಲಿಲ್ಲ. ಈ ಮಾತನ್ನು ಸ್ಟಾಫ್‌ರೂಮಿನಲ್ಲಿ ಅವರ ಎದುರಿಗೇ ಹೇಳಿದ್ದೇನೆ. ಹೊಗಳಿಕೆ ಅಂದುಕೊಂಡು ನಕ್ಕರು, ಪುಣ್ಯಾತ್ಮರು. ಅಂಥವರ ಕೈಗೆ ಒಂದು ಹುಡುಗಿಯ ಕಷ್ಟ ಸಿಕ್ಕಿತು ನೋಡಿ, ಅದು ಆ ಹುಡುಗಿಯ ಗ್ರಹಚಾರ.

ನಾನು ಕನ್ನಡ ಟೀಚರ್. ಮನೆ ಹುಣಸೂರಿನಲ್ಲಿ, ಕೆಲಸ ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ. ಕಂಪಲಾಪುರದಲ್ಲಿ ಬಸ್ಸಿಳಿದು ಆಟೋ ಹಿಡಿಯಬೇಕು. ಸುತ್ತಲೂ ಹೊಗೆಸೊಪ್ಪಿನ ಹೊಲ. ಬ್ಯಾರನ್ ಎಂಬ ಗೂಡುಗಳಲ್ಲಿ ಸೊಪ್ಪು ಬೇಯಿಸುವ ಕಾಲದಲ್ಲಿ ಇಡೀ ಕ್ಲಾಸಿನ ಯೂನಿಫಾರಂ ಆ ಹೊಗೆಯ ವಾಸನೆ ಹೊಡೆಯುತ್ತದೆ. ಯಾರೂ ಯಾರನ್ನೂ ಅದಕ್ಕೆ ಆಡಿಕೊಳ್ಳುವುದಿಲ್ಲ, ಯಾಕೆಂದರೆ ಎಲ್ಲರದ್ದೂ ಅದೇ ವಾಸನೆ.

ಆ ಸೀಮೆಯಲ್ಲಿ ಅಡ್ಡಹೆಸರಿಲ್ಲದ ಮನುಷ್ಯನಿಲ್ಲ. ನಿಜವಾದ ಹೆಸರು ಹೇಳಿ ಮನೆ ಕೇಳಿದರೆ ಪಕ್ಕದ ಮನೆಯವನೂ ತಲೆ ಕೆರೆದುಕೊಳ್ಳುತ್ತಾನೆ. ಅಡ್ಡಹೆಸರು ಹೇಳಿದರೆ ಕೈಹಿಡಿದು ಕರೆದುಕೊಂಡು ಹೋಗಿ ಬಿಡುತ್ತಾನೆ. ಮದುವೆಯ ಫ್ಲೆಕ್ಸಿನಲ್ಲಿ ವರನ ತಂದೆಯ ಹೆಸರಿನ ಪಕ್ಕ ಅಡ್ಡಹೆಸರನ್ನೂ ದಪ್ಪ ಅಕ್ಷರದಲ್ಲಿ ಹಾಕಿಸುತ್ತಾರೆ, ಇಲ್ಲದಿದ್ದರೆ ಊಟಕ್ಕೆ ಜನ ಬರುವುದಿಲ್ಲ. ನನಗೂ ಒಂದು ಇದೆ: ಒಣಮೆಣಸಿನಕಾಯಿ. ನನ್ನದೇನೂ ತಕರಾರಿಲ್ಲ, ಖಾರ ಇರುವುದು ನಿಜ. ಆದರೆ ನಾನು ಸಂಬಳ ತೆಗೆದುಕೊಳ್ಳುವ ಹೆಂಗಸು. ಹದಿನಾಲ್ಕು ವರ್ಷದ ಹುಡುಗಿಗೆ ಅದೇ ಲೆಕ್ಕ ಹಾಕಿ, 'ಎಲ್ಲರಿಗೂ ಇರುತ್ತೆ ಬಿಡಿ' ಅನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಹುಡುಗಿ ಒಂಬತ್ತನೇ ಕ್ಲಾಸಿಗೆ ಹುಣಸೂರಿನಿಂದ ಬಂದು ಸೇರಿದ್ದಳು. ಅವಳಪ್ಪ ಬಡಗಿ. ಹುಣಸೂರಿನ ಮುಸ್ಲಿಂ ಕುಟುಂಬ, ಅಜ್ಜನ ಕಾಲದಿಂದ ಮರದ ಕೆಲಸ. ಹೊಗೆಸೊಪ್ಪಿನ ದುಡ್ಡಿನಲ್ಲಿ ಈ ಹಳ್ಳಿಯಲ್ಲಿ ಸಾಲಾಗಿ ಹೊಸ ಮನೆಗಳು ಏಳುತ್ತಿದ್ದವು. ಬಾಗಿಲು ಕಿಟಕಿ ಮಾಡುವವರಿಗೆ ಒಳ್ಳೆ ಬೇಡಿಕೆ ಎಂದು ಆತ ರಸ್ತೆ ಬದಿಗೆ ಒಂದು ಶೆಡ್ಡು ಹಾಕಿಕೊಂಡು ಸಂಸಾರ ಸಮೇತ ಬಂದಿದ್ದ. ಹುಡುಗಿಗೆ ಚಿಕ್ಕಂದಿನಲ್ಲಿ ಗಂಟಲಿಗೆ ಏನೋ ಕಾಯಿಲೆಯಾಗಿ ದನಿ ಒಡೆದುಹೋಗಿತ್ತು. ಮಾತಾಡಿದರೆ ಗೊಗ್ಗರು, ಗರಗರ. ಆದರೆ ಓದು! ಮನೆಯಲ್ಲಿ ಉರ್ದು ಆಡುವ ಹುಡುಗಿ ಕನ್ನಡ ಪದ್ಯವನ್ನು ಎಲ್ಲಿ ನಿಲ್ಲಿಸಬೇಕು, ಎಲ್ಲಿ ಎಳೆಯಬೇಕು ಎಂದು ತಿಳಿದು ಓದುತ್ತಿದ್ದಳು. ಮೊದಲ ದಿನ ಅವಳು ಓದಿದಾಗ ನಾನು ಪುಸ್ತಕ ಮುಚ್ಚಿ ಸುಮ್ಮನೆ ಕೇಳಿದೆ. ಇನ್ನೊಂದು ಪದ್ಯ ಓದಲೇ ಮಿಸ್ ಎಂದು ಅವಳೇ ಕೇಳಿದಳು.

ಎರಡನೇ ಪದ್ಯಕ್ಕೆ ಹಿಂದಿನ ಬೆಂಚಿನಿಂದ ಸದ್ದು ಬಂತು. ಕರ್ರ್... ಕರ್ರ್... ಮರ ಕೊಯ್ಯುವ ಸದ್ದು. ಆಮೇಲೆ ಒಂದು ಹೆಸರು ಬಂತು, ಅವಳಪ್ಪನ ಶೆಡ್ಡಿನಲ್ಲಿರುವ ಒಂದು ಸಾಮಾನಿನ ಹೆಸರು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ನನಗೂ ನಮ್ಮ ಹೆಡ್‌ಮಾಸ್ಟರಿಗೂ ವ್ಯತ್ಯಾಸ ಉಳಿಯುವುದಿಲ್ಲ.

ಹೆಸರಿಟ್ಟವನು ಯಾರು ಅಂತೀರಿ? ಶಾಲಾ ಅಭಿವೃದ್ಧಿ ಸಮಿತಿಯ ಅಧ್ಯಕ್ಷರ ಸುಪುತ್ರ. ಅವನ ಎಡಕ್ಕೊಬ್ಬ ಬಲಕ್ಕೊಬ್ಬ ಚೇಲಾ. ನಾನು ಕ್ಲಾಸಿನಲ್ಲೇ ಮೂವರಿಗೂ ಮಂಗಳಾರತಿ ಎತ್ತಿದೆ. ನನ್ನ ಪಿರಿಯಡ್ಡಿನಲ್ಲಿ ಸದ್ದು ನಿಂತಿತು, ಬೇರೆಯವರ ಪಿರಿಯಡ್ಡಿನಲ್ಲಿ ಶುರುವಾಯಿತು. ನೀರು ಕುಡಿಯುವಲ್ಲಿ, ಬಿಸಿಯೂಟದ ಸಾಲಿನಲ್ಲಿ, ಸೈಕಲ್ ಸ್ಟ್ಯಾಂಡಿನಲ್ಲಿ ಕರ್ರ್, ಕರ್ರ್. ಹುಡುಗಿ ಮೊದಲು ಓದುವುದನ್ನು ಬಿಟ್ಟಳು. ಆಮೇಲೆ ಉತ್ತರ ಹೇಳುವುದನ್ನು ಬಿಟ್ಟಳು. ಕೊನೆಗೆ ಹಾಜರಿ ಕೂಗಿದರೆ ಬರೀ ಕೈ ಎತ್ತುತ್ತಿದ್ದಳು.

ಪೋಷಕರ ಸಭೆಗೆ ಅವಳಪ್ಪ ಅಂಗಿಯ ಮೇಲಿನ ಮರದ ಪುಡಿ ಕೊಡವಿಕೊಂಡು ಬಂದ. "ಮೇಡಂ, ನಮ್ಮ ಮನೇಲಿ ಹತ್ತನೇ ಕ್ಲಾಸ್ ಮುಟ್ಟಿದವರು ಯಾರೂ ಇಲ್ಲ. ಇವಳು ಮುಟ್ತಾಳೆ ಅಂತ ಆಸೆ ಇಟ್ಕೊಂಡಿದ್ದೆ. ಈಗ ಇವಳೇ ಸ್ಕೂಲಿಗೆ ಬರಲ್ಲ ಅಂತಾಳೆ. ಹೊಡ್ದು ಕಳ್ಸೋಕಾಗುತ್ತಾ? ನೀವೇ ಏನಾದ್ರೂ ಮಾಡಿ," ಎಂದ.

ನಾನು ನೇರ ಹೆಡ್‌ಮಾಸ್ಟರ್ ಕೋಣೆಗೆ ಹೋದೆ. "ಸಾರ್, ಆ ಮೂವರನ್ನ ಕರೆದು, ಬಾಗಿಲು ಹಾಕಿಕೊಂಡು, ಅವರವರ ಅಪ್ಪಂದಿರ ಮುಂದೆ ಗಟ್ಟಿಯಾಗಿ ಹೇಳಿ. ಹುಡುಗಿ ಹೆಸರು ಆಚೆ ಬರೋದು ಬೇಡ. ಇಷ್ಟು ಮಾಡಿದರೆ ಸಾಕು."

"ಅಧ್ಯಕ್ಷರ ಮಗನ್ನಾ?" ಎಂದು ಅವರು ಕುರ್ಚಿಯಲ್ಲೇ ಒಂದು ಸಲ ಹಿಂದಕ್ಕೆ ಹೋಗಿ ಬಂದರು. ಆಮೇಲೆ ಕಣ್ಣು ಮಿಂಚಿತು. "ಮೇಡಂ, ಇದು ಸಾಮಾಜಿಕ ಪಿಡುಗು ಕಣ್ರೀ. ಅಂಗೆಲ್ಲ ಬಾಗ್ಲಾಕ್ಕಂಡು ಮಾಡದಲ್ಲ. ಮೇಲಿಂದ್ಲೂ ಸುತ್ತೋಲೆ ಬಂದದೆ, ಮಕ್ಕಳ ಕಿರುಕುಳ ತಡೀಬೇಕು ಅಂತ. ಒಂದು ಕಾರ್ಯಕ್ರಮಾನೇ ಮಾಡ್ಬುಡಣ."

ಪಿ.ಟಿ. ಮಾಸ್ಟರ್ ಅಲ್ಲೇ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. "ಬುಡಿ ಮೇಡಂ, ತಮಾಸೆಗೆ ಅಂತವೆ ಮಕ್ಳು. ನಮ್ ಕಾಲ್ದಲ್ಲಿ ನನ್ನ ಕೋಣ ಅಂತಿದ್ರು. ನಾನೇನ್ ಸ್ಕೂಲ್ ಬುಟ್ನಾ?"

ಬಿಟ್ಟಿದ್ದರೆ ನಾಡಿಗೆ ಎಷ್ಟೋ ಒಳ್ಳೆಯದಾಗುತ್ತಿತ್ತು ಎಂದು ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ.

ಗೌರಿ ಹಬ್ಬ ಕಳೆದ ಮೇಲೆ ಕಾರ್ಯಕ್ರಮ. ಶಾಮಿಯಾನ, ಬಾಡಿಗೆ ಕುರ್ಚಿ, ಬಾಳೆಕಂದು, ಅತಿಥಿಗಳಿಗೆ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಕಿರುಕುಳ ತಡೆಯುವುದಕ್ಕೆ ಪೇಟ ಯಾಕೆ ಎಂದು ಕೇಳಿದ್ದಕ್ಕೆ 'ಗೌರವ ಬೇಡ್ವಾ ಮೇಡಂ' ಅಂದರು. ಮೈಕ್ ಸೆಟ್ಟಿನವನು ಸ್ಪೀಕರನ್ನು ಮಕ್ಕಳ ಕಡೆಗೆ ತಿರುಗಿಸಿ ಕಟ್ಟಿದ್ದ. ಹೆಡ್‌ಮಾಸ್ಟರ್ ತಾವೇ ನಿಂತು ಅದನ್ನು ಊರ ಕಡೆಗೆ ತಿರುಗಿಸಿದರು. "ಪೋಷಕರಿಗೂ ಕೇಳುಸ್ಬೇಕು ಕಣಯ್ಯ. ಸ್ಕೂಲಲ್ಲಿ ಏನ್ ನಡೀತದೆ ಅಂತ ಊರಿಗೆ ಗೊತ್ತಾಗ್ಲಿ."

ಸಭೆಯ ಅಧ್ಯಕ್ಷತೆ ಯಾರದ್ದು? ಸಮಿತಿ ಅಧ್ಯಕ್ಷರದ್ದೇ. ಅವರು ಪೇಟ ಕಟ್ಟಿಸಿಕೊಂಡು, ಮಕ್ಕಳಲ್ಲಿ ಸಂಸ್ಕಾರ ಕಡಿಮೆಯಾಗುತ್ತಿದೆ ಎಂದು ಕೊರಗಿದರು. ಸಂಸ್ಕಾರವಂತ ಮಗ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ. ಅವನಿಗೆ ಅವತ್ತು 'ಕಿರುಕುಳ ತಡೆ ನಾಯಕ' ಎಂಬ ಬ್ಯಾಡ್ಜು ಬೇರೆ ಹಾಕಿದ್ದರು. ಯಾಕೆ ಸಾರ್ ಎಂದರೆ, "ಅವ್ನ ಮಾತು ಮಕ್ಳು ಕೇಳ್ತವೆ." ಕೇಳದೆ ಏನು, ಒದೆ ತಿನ್ನುತ್ತಾರಾ?

ಆಮೇಲೆ ಹೆಡ್‌ಮಾಸ್ಟರ್ ಎದ್ದರು. ಹುಡುಗಿಯನ್ನು ವೇದಿಕೆಗೆ ಕರೆದರು. ಇದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಅವಳಿಗೆ ಅವತ್ತು ಮನೆಯಲ್ಲೇ ಇರು ಅಂತಿದ್ದೆ. ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಹೆಗಲ ಮೇಲೆ ಕೈ ಇಟ್ಟು, ಕಂಠ ತುಂಬಿ, "ಇಂಥ ಮಗುವನ್ನ ನಮ್ಮ ಮಕ್ಳು ಏನಂತ ಕರೀತಾವೆ ಗೊತ್ತಾ ಬಂಧುಗಳೇ?" ಎಂದು ಊರಿಗೆ ಕೇಳಿದರು. ಊರಿಗೆ ಗೊತ್ತಿರಲಿಲ್ಲ. ಹೇಳಿದರು. ಒತ್ತಿ ಒತ್ತಿ ಹೇಳಿದರು. ಸ್ಪೀಕರು ಅದನ್ನು ಹೊತ್ತುಕೊಂಡು ಹೋಗಿ ಡೈರಿಗೆ, ಟೀ ಅಂಗಡಿಗೆ, ಬ್ಯಾರನ್ ಮುಂದೆ ಕೂತು ಸೊಪ್ಪು ಕಟ್ಟುತ್ತಿದ್ದ ಹೆಂಗಸರಿಗೆ ಹಂಚಿತು.

ಇಷ್ಟಕ್ಕೇ ಮುಗಿದಿದ್ದರೆ ಅವರು ಬರೀ ದಡ್ಡರು ಎಂದು ಬಿಟ್ಟುಬಿಡುತ್ತಿದ್ದೆ. ಕೊನೆಗೆ ಪ್ರತಿಜ್ಞಾ ವಿಧಿ ಇತ್ತು. ಎಲ್ಲರೂ ಎದ್ದು ಬಲಗೈ ಮುಂದೆ ಚಾಚಬೇಕು. ಅವರು ಒಂದೊಂದೇ ತುಂಡು ಹೇಳಿಕೊಡುವುದು, ಮಕ್ಕಳು ಕೂಗುವುದು.

"ನಾನು..."

"ನಾನು!"

"ನನ್ನ ಸಹಪಾಠಿಯನ್ನು..."

"ನನ್ನ ಸಹಪಾಠಿಯನ್ನು!"

"ಇನ್ನು ಮುಂದೆ..." ಎಂದು ಹೇಳಿ, ಆ ಹೆಸರನ್ನೂ ಹೇಳಿ, ಅಲ್ಲಿ ನಿಲ್ಲಿಸಿದರು. ಮಕ್ಕಳಿಗೆ ಇನ್ನೇನು ಬೇಕು? ಇಡೀ ಶಾಲೆ ಒಂದೇ ಗಂಟಲಿನಲ್ಲಿ ಆ ಹೆಸರನ್ನು ಕೂಗಿತು. ಹಿಂದಿನ ಸಾಲಿನಲ್ಲಿ ಪಿಸಪಿಸ ಹೇಳುತ್ತಿದ್ದುದನ್ನು ಈಗ ಗುರುಗಳ ಅಪ್ಪಣೆಯಿಂದ, ಕೈ ಚಾಚಿ, ಗಟ್ಟಿಯಾಗಿ. ದನಿ ಸಾಲದು ಎಂದು ಆ ಮಹಾನುಭಾವರು ಇನ್ನೊಂದು ಸಲ ಹೇಳಿಸಿದರು! 'ಎಂದು ಕರೆಯುವುದಿಲ್ಲ' ಅನ್ನುವಷ್ಟರಲ್ಲಿ ಅರ್ಧ ಮಕ್ಕಳು ನಗುತ್ತಿದ್ದರು. ನಾನು ಮೈಕ್ ಸೆಟ್ಟಿನವನ ಹತ್ತಿರ ಓಡಿಹೋಗಿ ಆಫ್ ಮಾಡೋ ಎಂದೆ. "ಹೆಡ್‌ಮೇಷ್ಟ್ರು ಬೈತಾರೆ ಮಿಸ್," ಎಂದ.

ಬ್ಯಾಡ್ಜಿನ ನಾಯಕ ವೇದಿಕೆ ಹತ್ತಿ ಹುಡುಗಿಗೆ ಗುಲಾಬಿ ಹೂ ಕೊಟ್ಟ. ಪಿ.ಟಿ. ಮಾಸ್ಟರ್ ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತಾ, "ಒಸಿ ನಗವ್ವ," ಎಂದರು. ಅವಳು ಹೂವನ್ನು ಹಿಡಿದುಕೊಂಡು ನಿಂತೇ ಇದ್ದಳು, ಇಳಿ ಎಂದು ಯಾರೂ ಹೇಳಲಿಲ್ಲ. ಕೊನೆಗೆ ನಾನೇ ಹೋಗಿ ಕೈಹಿಡಿದು ಇಳಿಸಿದೆ.

ಮಾರನೇ ದಿನ ಆಟೋದಲ್ಲಿ ಪಕ್ಕ ಕೂತ ಅಜ್ಜಿ ಕೇಳಿತು, "ನಿಮ್ ಸ್ಕೂಲಲ್ಲಿ ಅದ್ಯಾರ್ ಮಿಸ್ಸು ಆ ಹುಡ್ಗಿ?" ಎಂದು, ಆ ಹೆಸರು ಹಿಡಿದೇ. ಪಾಪ, ಅಜ್ಜಿಗೆ ಕೆಟ್ಟ ಬುದ್ಧಿಯಿಲ್ಲ. ಆ ಸೀಮೆಯಲ್ಲಿ ಮೈಕಿನಲ್ಲಿ ಕೂಗಿದ ಹೆಸರೇ ಹೆಸರು. ಬಾಗಿಲು ಮಾಡಿಸಲು ಬಂದ ಗಿರಾಕಿ ಅವಳಪ್ಪನನ್ನು, "ಮೊನ್ನೆ ಮೈಕಲ್ಲಿ ಹೇಳುದ್ರಲ್ಲ, ಅದು ನಿಮ್ ಮಗಳಾ ಸಾಬ್ರೇ?" ಎಂದು ಕೇಳಿದನಂತೆ. ಹುಡುಗಿ ಶಾಲೆಗೆ ಬರುವುದನ್ನು ಬಿಟ್ಟಳು.

ನಾನು ಹೆಡ್‌ಮಾಸ್ಟರ್ ಮುಂದೆ ಹೋಗಿ ನಿಂತು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವರಿಗೆ ಒಂದು ಚೂರೂ ತಾಗಲಿಲ್ಲ. "ಒಬ್ಳು ಬರ್ನಿಲ್ಲ ಅಂತ ಯಾಕ್ ಬೇಜಾರ್ ಮಾಡ್ಕತೀರಿ? ಮಿಕ್ಕೋರಿಗೆ ಅರಿವು ಮೂಡ್ತಲ್ಲ. ವಿಡಿಯೋ ನೋಡುದ್ರಾ? ಎಲ್ಲಾ ತಾಲ್ಲೂಕಿನ ವಾಟ್ಸಾಪ್ ಗ್ರೂಪ್‌ಗೂ ಹೋಗ್ಯದೆ. ಎಚ್.ಡಿ. ಕೋಟೆಯಿಂದೆಲ್ಲ ಫೋನ್ ಮಾಡಿ ಹೊಗಳ್ತಾವ್ರೆ." ಥೂ! ವಿಡಿಯೋದ ಕೆಳಗೆ ಎತ್ತಿದ ಹೆಬ್ಬೆರಳು, ಚಪ್ಪಾಳೆ, ಕೈ ಮುಗಿದ ಚಿತ್ರ. ಅದನ್ನು ನನಗೂ ತೋರಿಸಿದರು.

ದಸರಾ ರಜೆ ಕಳೆದ ಮೇಲೆ ಅಪ್ಪ ಬಂದು ಟಿ.ಸಿ. ತೆಗೆದುಕೊಂಡ. ಕೆ.ಆರ್. ನಗರದಲ್ಲಿ ಹುಡುಗಿಯ ಸೋದರತ್ತೆಯ ಮನೆ ಇತ್ತು. "ಅಲ್ಲಿ ಇವಳು ಯಾರಿಗೂ ಗೊತ್ತಿಲ್ಲ ಮೇಡಂ. ಹೊಸದಾಗಿ ಶುರು ಮಾಡ್ತೀನಿ ಅಂತ ಅವಳೇ ಅಂದ್ಲು," ಎಂದ. ನನಗೂ ಸಮಾಧಾನವಾಯಿತು. ಅವಳು ಅಲ್ಲಿ ಮೊದಲ ವಾರವೇ ಪದ್ಯ ಓದಿದಳಂತೆ. ಟೀಚರ್ ಶಹಬ್ಬಾಸ್ ಅಂದರಂತೆ.

ಅದಾದ ಸ್ವಲ್ಪ ದಿನಕ್ಕೆ ಆ ಶಾಲೆಯಲ್ಲೂ ಕಿರುಕುಳ ತಡೆಯುವ ಕಾರ್ಯಕ್ರಮ. ಅಲ್ಲಿಯ ಹೆಡ್‌ಮಾಸ್ಟರಿಗೆ ಪೇಟ ಶಾಮಿಯಾನಕ್ಕೆ ಪುರಸೊತ್ತಿರಲಿಲ್ಲವೇನೋ, ಗ್ರೂಪಿನಲ್ಲಿ ಬಂದ 'ಮಾದರಿ' ವಿಡಿಯೋವನ್ನೇ ದೊಡ್ಡ ಟಿ.ವಿ.ಗೆ ಹಾಕಿ ಎಲ್ಲ ಮಕ್ಕಳನ್ನೂ ಕೂರಿಸಿ ತೋರಿಸಿದರು. ವೇದಿಕೆ, ಗುಲಾಬಿ, ಪ್ರತಿಜ್ಞೆ. ವಿಡಿಯೋದಲ್ಲಿದ್ದ ಹುಡುಗಿ ತಮ್ಮ ನಡುವೆಯೇ ಕೂತಿದ್ದಾಳೆಂದು ಮಕ್ಕಳಿಗೆ ತಿಳಿಯಲು ಎಷ್ಟು ಹೊತ್ತು ಬೇಕು? ಅವತ್ತು ಸಂಜೆಯ ಬಸ್ಸಿಗೇ ಅವಳು ಊರಿಗೆ ವಾಪಸ್ಸು ಬಂದಳು. ಯಾರನ್ನು ಬೈಯಲಿ? ಎಲ್ಲರದ್ದೂ ಒಳ್ಳೆಯ ಉದ್ದೇಶ. ಈ ಒಳ್ಳೆಯ ಉದ್ದೇಶದವರಿಗಿಂತ ಆ ಪೋಲಿ ಹುಡುಗನೇ ವಾಸಿ, ಅವನ ಕೆಟ್ಟತನ ಹಿಂದಿನ ಬೆಂಚಿನಿಂದ ಸೈಕಲ್ ಸ್ಟ್ಯಾಂಡಿನವರೆಗೆ ಮಾತ್ರ ಹೋಗುತ್ತಿತ್ತು.

ಶನಿವಾರ ಅರ್ಧ ದಿನ ಶಾಲೆ. ಹತ್ತನೇ ಕ್ಲಾಸಿನ ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡು ಶೆಡ್ಡಿಗೆ ಹೋದೆ. ಶಾಲೆಗೆ ಬಾರದಿದ್ದರೆ ಬೇಡ, ಮುಂದಿನ ವರ್ಷ ನೇರವಾಗಿ ಹತ್ತಕ್ಕೇ ಖಾಸಗಿಯಾಗಿ ಪರೀಕ್ಷೆ ಕಟ್ಟಿಸುತ್ತೇನೆ, ವಾರವಾರ ಬಂದು ಪಾಠ ಹೇಳುತ್ತೇನೆ ಎಂದು ಒಪ್ಪಿಸುವುದು ನನ್ನ ಲೆಕ್ಕ. ಮರ ಕೊಯ್ಯುವ ಮೆಷಿನ್ನು ಕಿವಿ ಹರಿಯುವಂತೆ ಓಡುತ್ತಿತ್ತು. ಅಪ್ಪ ನನ್ನನ್ನು ಕಂಡವನೇ ಮರ್ಯಾದೆಗೆ ಮೆಷಿನ್ ನಿಲ್ಲಿಸಿದ. ಸದ್ದು ಇಳಿಯುತ್ತಿದ್ದ ಹಾಗೆ ಹಲಗೆಗಳ ಹಿಂದಿನಿಂದ ಒಂದು ಗೊಗ್ಗರು ದನಿ ಪದ್ಯದ ಅರ್ಧ ಸಾಲು ಹೇಳಿ, ತಟ್ಟನೆ ನಿಂತಿತು.

ಮೆಷಿನ್ನಿನ ಮೇಲೆ ಮರವೇ ಇರಲಿಲ್ಲ. ನಾನು ಅದನ್ನು ನೋಡಿದ್ದನ್ನು ಆತ ನೋಡಿದ. "ಇದು ಓಡ್ತಿದ್ರೆ ಮಾತ್ರ ಬಾಯಿ ಬಿಟ್ಟು ಓದ್ತಾಳೆ ಮೇಡಂ. ಯಾರಿಗೂ ಕೇಳ್ಸಲ್ಲ ಅಂತ. ಅದಕ್ಕೇ ಕೆಲಸ ಇಲ್ದಿದ್ರೂ ಓಡಿಸ್ತೀನಿ."

ಅಷ್ಟರಲ್ಲಿ ಫೋನು. ಹೆಡ್‌ಮಾಸ್ಟರ್. ನಮ್ಮ ಕಾರ್ಯಕ್ರಮವನ್ನು ಜಿಲ್ಲೆಗೆ ಮಾದರಿ ಎಂದು ಕಳಿಸುತ್ತಿದ್ದಾರಂತೆ. "ಮೇಡಂ, ಆ ಹುಡ್ಗಿ ಹೆಸ್ರು ಬೇಕಾಗಿತ್ತು. ನಿಜವಾದ್ದು ಏನು? ರಿಜಿಸ್ಟ್ರು ಸ್ಕೂಲಲ್ಲೇ ಉಳ್ಕಂಡದೆ. ಇಲ್ಲಿ ಯಾರನ್ನ ಕೇಳುದ್ರೂ ಅದೊಂದನ್ನೇ ಹೇಳ್ತಾರೆ ಕಣ್ರೀ."

"ನೀವೇ ಕಲಿಸಿದ್ದಲ್ವಾ ಸಾರ್? ಅದನ್ನೇ ಬರ್ಕೊಳ್ಳಿ," ಎಂದೆ. "ಅವಳ ಹೆಸರು ನನ್ನ ಬಾಯಿಂದ ನಿಮಗೆ ಸಿಗಲ್ಲ."

ಫೋನು ಕಟ್ ಮಾಡಿ, ಹಲಗೆಗಳ ಹಿಂದೆ ಹೋಗಿ, ಅವಳ ಪಕ್ಕದಲ್ಲೇ ಮರದ ಪುಡಿಯ ಮೇಲೆ ಕೂತೆ. ಅವಳು ಪುಸ್ತಕ ಮುಚ್ಚಿ ತಲೆ ತಗ್ಗಿಸಿದಳು. ನಾನು ಅವಳ ಹೆಸರು ಹಿಡಿದು ಕರೆದೆ. ನಿಜವಾದ ಹೆಸರು. ತಲೆ ಎತ್ತಿದಳು.

"ಮೆಷಿನ್ ಹಾಕಿ," ಎಂದು ಅಪ್ಪನಿಗೆ ಕೂಗಿ ಹೇಳಿ, ಅವಳ ಬಾಯಿಯ ಹತ್ತಿರ ಕಿವಿ ಕೊಟ್ಟೆ.