ಕೌದಿಯ ಹೊಟ್ಟೆ

ನನ್ನ ಕೌದಿಯನ್ನು ಚಿಂದಿ ಎಂದವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಭಾಲ್ಕಿಯ ಅಜ್ಜಿ ಉಟ್ಟು ಬಿಟ್ಟ ಸೀರೆ, ಅಪ್ಪನ ಹರಿದ ಧೋತರ, ನನಗೆ ಗಿಡ್ಡವಾದ ಪರಕಾರ, ಎಲ್ಲ ಸೇರಿಸಿ ಅವ್ವ ಬೇಸಿಗೆಯಿಡೀ ಕೂತು ಹೊಲಿದದ್ದು ಅದು. ನಮ್ಮ ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ, ಠಾಣಾ ಕುಶನೂರಿನಿಂದ ನಾನು ಬೀದರದ ಹೆಣ್ಣುಮಕ್ಕಳ ಹಾಸ್ಟೆಲಿಗೆ ಓದಲು ಹೊರಟಿದ್ದೆ. ಬಸ್ಸು ಹತ್ತಿಸುವಾಗ ಅಪ್ಪ ಒಂದೇ ಮಾತು ಹೇಳಿದ್ದ: "ನಡುವ ತಿರುಗಿ ಬಂದ್ರ ಸಾಲಿ ಮುಗೀತು ನೋಡು."

ನಮ್ಮ ಕಡೆ ಕೌದಿಯನ್ನು ಅಂಚಿನಿಂದ ಸುತ್ತುತ್ತ ನಡುವಿನವರೆಗೆ ಹೊಲಿಯುತ್ತಾರೆ. ಕೊನೆಗೆ ಅಂಗೈಯಷ್ಟು ಜಾಗ ಉಳಿಯುತ್ತದೆ. ಅದೇ ಕೌದಿಯ ಹೊಟ್ಟೆ. ಹೊದೆಯುವವರೇ ಅದರೊಳಗೆ ಒಣರೊಟ್ಟಿಯ ಚೂರು ಇಡಬೇಕು, ಹಸಿದ ಕೌದಿ ಬೆಚ್ಚಗಿಡುವುದಿಲ್ಲ ಎಂದು ನಂಬಿಕೆ. ಹೊರಡುವ ಮುನ್ನಾದಿನ ಅವ್ವ ನನ್ನ ಕೈಗೆ ರೊಟ್ಟಿ ಕೊಟ್ಟು, ಸೂಜಿಗೆ ದಾರ ಪೋಣಿಸಲು ಬೆಳಕಿನ ಕಡೆ ತಿರುಗಿದಳು. ಪಟ್ಟಣಕ್ಕೆ ಹೋಗುವ ಕೌದಿ ಒಣರೊಟ್ಟಿ ತಿನ್ನಬೇಕೇ? ರೊಟ್ಟಿಯನ್ನು ನಾನೇ ಬಾಯಿಗೆ ಹಾಕಿಕೊಂಡು, ಒಂದು ಚೂರು ಬೆಲ್ಲ ಒಳಗೆ ತುರುಕಿದೆ. ಅವ್ವ ನೋಡದೆ ಹೊಲಿದು ಮುಚ್ಚಿದಳು.

ಹಾಸ್ಟೆಲಿಗೆ ಬಂದ ವಾರದಲ್ಲೇ ನನ್ನ ಹಾಸಿಗೆಗೆ ಇರುವೆ ಸಾಲುಗಟ್ಟಿದವು. ಮೈಸೂರು ಕಡೆಯಿಂದ ಬಂದಿದ್ದ ವಾರ್ಡನ್ ಕೌದಿಯನ್ನು ಎರಡೇ ಬೆರಳಲ್ಲಿ ಎತ್ತಿದರು.

"ಈ ಚಿಂದೀನ ನೀರೊಲೆಗೆ ಹಾಕು. ಇಲ್ಲ ಅಂದ್ರೆ ಸಂಜೆ ಬಸ್ಸಿಗೆ ನೀನೂ ಹೊರಡು."

ತಪ್ಪು ನನ್ನದೇ, ಒಪ್ಪಿದೆ. ಆದರೆ ಬೆಲ್ಲದ ತಪ್ಪಿಗೆ ಅವ್ವನ ಒಂದು ಬೇಸಿಗೆಯನ್ನೇ ಸುಡಬೇಕೇ?

"ಸುಡೂದಿಲ್ರಿ ಅಕ್ಕಾರ. ಊರಿಗೂ ಹೋಗೂದಿಲ್ರಿ. ಸಂಜಿ ತನಕ ಟೈಮ್ ಕೊಟ್ಟೀರಲ್ರಿ, ಇದರ ಹೊಟ್ಟ್ಯಾಗ ಬೆಲ್ಲ ಇಟ್ಟೀನ್ರಿ, ಬಿಚ್ಚಿ ತೊಳೀತೇನಿ."

ಪುಣ್ಯಕ್ಕೆ ಅಂದು ಬಿಸಿಲಿತ್ತು. ಅಂಗಳದಲ್ಲಿ ಕೂತು ಹಲ್ಲಿನಿಂದ ದಾರ ಕಡಿದೆ. ಅವ್ವನ ಹೊಲಿಗೆ ಬಿಚ್ಚುವಾಗ ಅಳು ಬಂತು, ವಾರ್ಡನ್ ಕಿಟಕಿಯಿಂದ ನೋಡುತ್ತಿದ್ದರೆಂದು ನುಂಗಿಕೊಂಡೆ. ಅಂಟಿದ ಬೆಲ್ಲ ಕೆರೆದು ತೊಳೆದು, ಕೌದಿಯನ್ನು ಕೊಡವಿ ಹರಡಿದೆ. ಮಧ್ಯಾಹ್ನದ ಊಟದಲ್ಲಿ ಅರ್ಧ ರೊಟ್ಟಿ ಉಳಿಸಿ ಅದನ್ನೂ ಪಕ್ಕದಲ್ಲೇ ಒಣಗಲಿಟ್ಟೆ. ಸಂಜೆ ಅವರು ಬಂದಾಗ, ಅವರ ಕಣ್ಣೆದುರೇ ರೊಟ್ಟಿಯ ಚೂರನ್ನು ಒಳಗಿಟ್ಟು ಹೊಲಿಯತೊಡಗಿದೆ.

"ಮತ್ತೆ ಅದೇ ಕೆಲಸ ಮಾಡ್ತಿದೀಯಲ್ಲೇ!"

"ಖಾಲಿ ಹೊಟ್ಟಿ ಕೌದಿ ನಾವು ಹೊಚ್ಕೊಳ್ಳೂದಿಲ್ರಿ. ಒಣರೊಟ್ಟಿಗಿ ಇರುವಿ ಬಂದ್ರ ನಾನೇ ಬಸ್ ಹತ್ತತೇನಿ."

ಆಡಿದ ಮೇಲೆ ಅಪ್ಪನ ಮಾತು ನೆನಪಾಯಿತು.

ಎಂಟು ದಿನ ಅವರು ಬೆಳಿಗ್ಗೆ ಬೆಳಿಗ್ಗೆ ಬಂದು ನನ್ನ ಕೌದಿ ಕೊಡವಿ ನೋಡಿದರು. ನಾನು ಕೈಕಟ್ಟಿ ಪಕ್ಕದಲ್ಲೇ ನಿಲ್ಲುತ್ತಿದ್ದೆ, ಜೀವ ಕೈಯಲ್ಲಿ ಹಿಡಿದುಕೊಂಡು. ಒಂದು ಇರುವೆಯೂ ಬರಲಿಲ್ಲ. ಒಂಬತ್ತನೆಯ ದಿನ ಅವರೂ ಬರಲಿಲ್ಲ.

ಮರುವರ್ಷ ಔರಾದ, ಭಾಲ್ಕಿ ಕಡೆಯ ಹೊಸ ಹುಡುಗಿಯರು ಕೌದಿಯ ಸುರುಳಿ ಹೊತ್ತು ಬಂದರು. ವಾರ್ಡನ್ ಬಾಗಿಲಲ್ಲೇ ಒಬ್ಬೊಬ್ಬರನ್ನೂ ನಿಲ್ಲಿಸಿ ಕೇಳಿದರು:

"ಇದರ ಹೊಟ್ಟೇಲಿ ಏನಿದೆ, ರೊಟ್ಟೀನೋ ಬೆಲ್ಲಾನೋ?"

ರೊಟ್ಟಿ ಎಂದವರು ಒಳಗೆ ಹೋದರು. ತಲೆ ತಗ್ಗಿಸಿ ಬೆಲ್ಲ ಎಂದ ಒಬ್ಬಳನ್ನು ಅಂಗಳಕ್ಕೆ ಕಳಿಸಿದರು. ಅಲ್ಲಿ ನಾನು ಸೂಜಿ ಹಿಡಿದು ಕೂತಿದ್ದೆ.