ಅರ್ಥ ಹೇಳುವುದು ಬಿಟ್ಟ ಮೇಷ್ಟ್ರು

ಹೋದ ತಿಂಗಳು ಮೂಡಿಗೆರೆಯಿಂದ ಬರುವಾಗ ಬಸ್ಸಿನಲ್ಲಿ ವಯಸ್ಸಾದವರೊಬ್ಬರು ನನ್ನ ಪಕ್ಕದ ಸೀಟಿಗೆ ಬಂದು ಕುಳಿತರು. ಕಾಲು ನೀಡಲು ಜಾಗವಿಲ್ಲದೆ ಎರಡೂ ಮಂಡಿಗಳನ್ನು ಕೈಯಿಂದ ಒತ್ತಿಕೊಳ್ಳುತ್ತಿದ್ದರು. ಅವರ ಪಂಚೆಯಿಂದ ಕರ್ಪೂರ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯ ವಾಸನೆ ಬರುತ್ತಿತ್ತು. ಕಿಟಕಿಯ ಗಾಜು ಸರಿಸಿದೆ. ಆದರೂ ವಾಸನೆ ಹೋಗಲಿಲ್ಲ. ಹೋಗುವುದು ನನಗೆ ಬೇಡವೂ ಆಗಿತ್ತು ಅಂತ ಕಾಣುತ್ತದೆ... ಬಣಕಲ್ ಬರುವಷ್ಟರಲ್ಲಿ ನಾನು ಮೇಷ್ಟ್ರ ಮಂಡಿಗೆ ಎಣ್ಣೆ ತಿಕ್ಕುತ್ತಾ ಕುಳಿತಿದ್ದ ಆ ಜಗಲಿಗೆ ಹೋಗಿ ಮುಟ್ಟಿಬಿಟ್ಟಿದ್ದೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಬಣಕಲ್ ಆಚೆಗಿನ ಒಂದು ವೃದ್ಧರ ನಿವಾಸದಲ್ಲಿ ನರ್ಸ್ ಆಗಿದ್ದೆ. ಯಾವುದೋ ಕಾಲದ ಎಸ್ಟೇಟ್ ಬಂಗಲೆ. ತೋಟದ ಮನೆತನದವರು ಕೆಲವರು ಸೇರಿ ಅದನ್ನು ವಯಸ್ಸಾದವರಿಗೆಂದು ರಿಪೇರಿ ಮಾಡಿಸಿದ್ದರು. ಇಪ್ಪತ್ತು ಚಿಲ್ಲರೆ ಜನ ಇದ್ದರು. ಎಲ್ಲರೂ ಮಕ್ಕಳು ತಂದು ಬಿಟ್ಟವರೇ ಎಂದು ಹೊರಗಿನವರು ತಿಳಿದುಕೊಳ್ಳುತ್ತಿದ್ದರು, ಹಾಗೇನೂ ಇರಲಿಲ್ಲ. ತಾವಾಗಿಯೇ ಟ್ರಂಕು ಹಿಡಿದುಕೊಂಡು ಬಂದವರು ಬೇಕಾದಷ್ಟು ಜನ ಇದ್ದರು. ಬೆಳಿಗ್ಗೆ ಪ್ರಾರ್ಥನೆ, ತಿಂಡಿಯಾದ ಮೇಲೆ ಒಬ್ಬರು ಪೇಪರ್ ಓದುವುದು, ಉಳಿದವರು ಅದಕ್ಕೆ ಜಗಳ ಮಾಡುವುದು. ಮಧ್ಯಾಹ್ನ ಕೇರಂ, ಚೌಕಾಬಾರ. ಹಲಸಿನ ಕಾಲದಲ್ಲಿ ಜಗಲಿಯ ತುಂಬಾ ಗೋಣಿ ಹಾಸಿ, ಕೈಗೆಲ್ಲ ಎಣ್ಣೆ ಸವರಿಕೊಂಡು ಎಲ್ಲರೂ ಸೊಳೆ ಬಿಡಿಸುತ್ತಿದ್ದರು. ಹಲ್ಲಿಲ್ಲದವರೇ ಹಪ್ಪಳಕ್ಕೆ ಹೆಚ್ಚು ಆಸೆ ಪಡುತ್ತಿದ್ದದ್ದು.

ಮೇಷ್ಟ್ರು ಕಳಸದ ಕಡೆಯವರು. ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಆದರೆ ಆ ಸೀಮೆಯಲ್ಲಿ ಅವರನ್ನು ಜನ ಗುರುತಿಸುತ್ತಿದ್ದದ್ದು ತಾಳಮದ್ದಳೆಯ ಅರ್ಥಧಾರಿಯಾಗಿ. ಭಾಗವತರು ಹಾಡಿದ ಒಂದೊಂದು ಪದ್ಯಕ್ಕೆ ವೇಷವಿಲ್ಲದೆ, ಕುಳಿತಲ್ಲೇ, ಆ ಪಾತ್ರವಾಗಿ ಮಾತು ಕಟ್ಟುವುದು. ನಾಲ್ಕು ಸಾಲಿನ ಪದ್ಯಕ್ಕೆ ಅರ್ಧ ಗಂಟೆ ಮಾತಾಡುವವರು ಅವರು. ಎದುರಿಗೆ ಕುಳಿತವರಿಗೆ ಉತ್ತರ ಹೊಳೆಯದ ಹಾಗೆ ಮಾಡಿ, ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಸುಮ್ಮನೆ ನಗುವುದು ಅವರ ಕ್ರಮವಾಗಿತ್ತಂತೆ. ಗಂಟೆಗಟ್ಟಲೆ ಚಕ್ಕಳಮಕ್ಕಳ ಹಾಕಿ ಕುಳಿತದ್ದರಿಂದಲೇ ಮಂಡಿ ಹೋದದ್ದು ಎನ್ನುತ್ತಿದ್ದರು, ಹೆಮ್ಮೆಯಿಂದ.

ಅವರ ಕೋಣೆಯಲ್ಲೇ ಇದ್ದವರು ರೈಟ್ರು. ಆಲ್ದೂರಿನ ಆಚೆ ಒಂದು ದೊಡ್ಡ ಎಸ್ಟೇಟಿನಲ್ಲಿ ರೈಟರ್ ಆಗಿದ್ದು, ಆಳುಗಳ ಹಾಜರಿ ಬರೆದೇ ಕೂದಲು ಹಣ್ಣಾದವರು. ಮಾತು ಕಡಿಮೆ. ಮೇಷ್ಟ್ರು ಮಾತಾಡುತ್ತಿದ್ದರು, ಇವರು ಕೇಳುತ್ತಿದ್ದರು. ಹಾಗಾಗಿ ಇಬ್ಬರಿಗೂ ಚೆನ್ನಾಗಿ ಹೊಂದಿಕೆಯಾಗಿತ್ತು. ವರ್ಷಕ್ಕೊಂದು ದಿನ ರೈಟ್ರು ತಾವೇ ಅಡುಗೆಮನೆಗೆ ಬಂದು, ಭಟ್ಟರ ಹತ್ತಿರ ಹೇಳಿ, ಎಲ್ಲರಿಗೂ ಗಸಗಸೆ ಪಾಯಸ ಮಾಡಿಸುತ್ತಿದ್ದರು. ಏನು ವಿಶೇಷ ಎಂದು ಕೇಳಿದರೆ, "ನಮ್ಮನೆಯವಳು ಹೋದ ದಿನ" ಎನ್ನುತ್ತಿದ್ದರು. ಅಷ್ಟೆ. ನಾವು ಪಾಯಸ ತಿಂದು, ಆ ತಾಯಿಯ ಆತ್ಮಕ್ಕೆ ಶಾಂತಿ ಸಿಗಲಿ ಅಂದುಕೊಳ್ಳುತ್ತಿದ್ದೆವು.

ಒಂದು ದೀಪಾವಳಿಗೆ ನಿವಾಸದಲ್ಲೇ ತಾಳಮದ್ದಳೆ ಮಾಡುವುದೆಂದು ಮೇಷ್ಟ್ರು ಹೊರಟರು. ಸಂಧಾನದ ಪ್ರಸಂಗ. ಒಡೆದುಹೋದ ಎರಡು ಮನೆತನಗಳನ್ನು ಕೂಡಿಸಲು ಅರಸನ ಸಭೆಗೆ ದೂತ ಬರುವುದು, ಅರಸ ಅವನನ್ನು ಹೀಯಾಳಿಸಿ ಕಳಿಸುವುದು. ಅರಸನ ಅರ್ಥ ಮೇಷ್ಟ್ರದ್ದು. ದೂತನಿಗೆ ಯಾರು? ಯಾರೂ ಒಪ್ಪಲಿಲ್ಲ. ಕೊನೆಗೆ ರೈಟ್ರನ್ನು ಹಿಡಿದರು.

"ಅಯ್ಯೋ, ನನ್ನಿಂದ ಆಗುದಿಲ್ಲ ಮೇಷ್ಟ್ರೇ" ಎಂದರು ರೈಟ್ರು.

"ನಾನಿದ್ದೇನಲ್ಲ ಮಾರಾಯ್ರೆ, ಹೇಳಿಕೊಡ್ತೇನೆ."

ಎರಡು ತಿಂಗಳು ಹೇಳಿಕೊಟ್ಟರು. ಎದ್ದರೆ ಕುಳಿತರೆ ಅದೇ. ಊಟದ ಪಂಕ್ತಿಯಲ್ಲಿ ಮೇಷ್ಟ್ರು ಅರಸನಾಗಿ ಸಾರು ಕೇಳಿದರೆ, ರೈಟ್ರು ದೂತನಾಗಿ ಬಡಿಸುವವರಿಗೆ ವಿನಂತಿ ಮಾಡುತ್ತಿದ್ದರು. ನಿವಾಸದಲ್ಲಿ ಅಷ್ಟು ನಗು ಅದಕ್ಕಿಂತ ಮೊದಲು ನಾನು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

ಮುದುಕರಿಗೆ ನಿದ್ದೆಗೆಡಬಾರದೆಂದು ಸಂಜೆ ನಾಲ್ಕಕ್ಕೇ ಶುರು ಮಾಡಿದೆವು. ಕಳಸದಿಂದ ಭಾಗವತರು, ಮದ್ದಳೆಯವರು ಬಂದಿದ್ದರು. ಮೇಷ್ಟ್ರ ಅರ್ಥ ಕೇಳಲೆಂದು ಕೊಟ್ಟಿಗೆಹಾರ, ಬಣಕಲ್ಲಿನಿಂದಲೂ ಜನ ಬಂದು ಹಾಲ್ ತುಂಬಿತು. ಮೊದಲರ್ಧ ಮೇಷ್ಟ್ರದ್ದೇ. ಆಮೇಲೆ ಏನಾಯಿತೋ, ರೈಟ್ರಿಗೆ ಮಾತು ಹತ್ತಿಕೊಂಡಿತು. ಅರಸ ಒಂದು ಕಡೆ ತನ್ನ ಐಶ್ವರ್ಯವನ್ನು ಬಹಳ ಹೊತ್ತು ಹೊಗಳಿಕೊಂಡಾಗ ದೂತ ಮೆಲ್ಲಗೆ, "ಎಲ್ಲ ಉಂಟು ಅರಸಾ, ಒಟ್ಟಿಗೆ ಕೂತು ಉಣ್ಣಲಿಕ್ಕೆ ಒಬ್ಬ ತಮ್ಮ ಇಲ್ಲವಲ್ಲ" ಎಂದುಬಿಟ್ಟರು. ಸಭೆ ಚಪ್ಪಾಳೆ ತಟ್ಟಿತು. ಭಾಗವತರೇ ತಲೆದೂಗಿದರು. ಮೇಷ್ಟ್ರು ಏನೋ ಹೇಳಹೋದರು, ತಡವರಿಸಿದರು. ಹಿಂದಿನ ಸಾಲಿನಿಂದ ಯಾರೋ ಕಿಸಕ್ಕೆಂದು ನಕ್ಕರು.

ಮೇಷ್ಟ್ರ ಮುಖ ಕೆಂಪಾದದ್ದನ್ನು ನಾನು ಕಂಡೆ. ಮುಂದಕ್ಕೆ ಬಾಗಿ, ಅರಸನ ದೊಡ್ಡ ದನಿಯಲ್ಲೇ ಹೇಳಿದರು:

"ಕಟ್ಟಿಕೊಂಡವಳನ್ನು ಮನೆಯಲ್ಲಿ ಉಳಿಸಿಕೊಳ್ಳಲಾರದವನು, ಬದುಕಿರುವ ಹೆಂಡತಿಯ ಹೆಸರಿನಲ್ಲಿ ವರ್ಷ ವರ್ಷ ಪಾಯಸ ಹಂಚುವವನು, ನನ್ನ ಮನೆ ಕೂಡಿಸಲಿಕ್ಕೆ ಬಂದನೋ?"

ಹೊರಗಿನ ಜನ ಅದೊಂದು ಚಮತ್ಕಾರವೆಂದು ನಕ್ಕರು. ನಿವಾಸದ ನಾವು ಯಾರೂ ನಗಲಿಲ್ಲ. ಆ ಪಾಯಸ ತಿಂದವರು ನಾವು.

ಮದ್ದಳೆಯವರ ಕೈ ನಿಂತಿತು. ರೈಟ್ರು ಎದ್ದು ಹೋಗುತ್ತಾರೆಂದು ನಾನು ಬಾಗಿಲು ಬಿಟ್ಟು ಸರಿದೆ. ಅವರು ಏಳಲಿಲ್ಲ. ದೂತನ ದನಿಯನ್ನು ಬಿಡದೆ ಹೇಳಿದರು:

"ನಿಜ ಅರಸಾ. ಉಳಿಸಿಕೊಳ್ಳಲಾರದೆ ಹೋದೆ. ಒಡೆದ ಮನೆಯಲ್ಲಿ ದೀಪ ಹಚ್ಚಿಕೊಂಡು ಒಬ್ಬನೇ ಕೂರುವುದು ಹೇಗೆ ಎಂದು ನನಗೆ ಗೊತ್ತು. ನಿನಗೆ ಅದು ಬೇಡ ಅಂತಲೇ ಬಂದದ್ದು."

ಕೈಮುಗಿದರು. ಭಾಗವತರು ಹೇಗೋ ಮಂಗಳ ಹಾಡಿ ಮುಗಿಸಿದರು.

ಮರುದಿನ ರೈಟ್ರು ಹಾಸಿಗೆ ಸುತ್ತಿಕೊಂಡು ಕೊನೆಯ ಕೋಣೆಗೆ ಹೋದರು. ಮೇಷ್ಟ್ರು ತಿಂಡಿಗೆ ಬರಲಿಲ್ಲ, ಊಟಕ್ಕೂ ಬರಲಿಲ್ಲ. ಅವರ ತಟ್ಟೆ ಕೋಣೆಗೆ ಒಯ್ಯೋಣವೆಂದು ನಾನು ತೆಗೆದುಕೊಂಡಾಗ, ತೋಟದ ಮನೆತನದ ಒಬ್ಬ ಅಜ್ಜಿ, ನಾವೆಲ್ಲ ದೊಡ್ಡಮ್ಮ ಎನ್ನುತ್ತಿದ್ದವರು, ಎಲ್ಲರೂ ಕೇಳುವ ಹಾಗೆ, "ಮಾತು ಉಣ್ಣುವವರಿಗೆ ಅನ್ನ ಎಂತಕ್ಕೆ?" ಎಂದರು. ಊಟದ ಹಾಲ್‌ನ ಪಕ್ಕದಲ್ಲೇ ಇದ್ದ ಮೇಷ್ಟ್ರ ಕೋಣೆಗೆ ಅದು ಕೇಳಿಸಿರಲೇಬೇಕು.

ಅವತ್ತು ಎಣ್ಣೆ ತಿಕ್ಕುವಾಗ ಮೇಷ್ಟ್ರು ಹೇಳಿದರು. ಮಳೆಗಾಲದ ಒಂದು ಸಂಜೆ ಕರೆಂಟ್ ಹೋಗಿ ಇಬ್ಬರೇ ಕತ್ತಲಲ್ಲಿ ಕುಳಿತಿದ್ದಾಗ ರೈಟ್ರು ಅದನ್ನು ಹೇಳಿಕೊಂಡಿದ್ದರಂತೆ. ಹೆಂಡತಿ ಸತ್ತದ್ದಲ್ಲ, ಬಿಟ್ಟು ತವರಿಗೆ ಹೋದದ್ದು. ಸಂಸೆಯಲ್ಲಿ ಅಣ್ಣನ ಮಕ್ಕಳ ಜೊತೆಗಿದ್ದಾರೆ. "ಮತ್ತೊಬ್ಬರ ಕಿವಿಗೆ ಬೀಳುದು ಬೇಡ ಮೇಷ್ಟ್ರೇ" ಎಂದಿದ್ದರಂತೆ.

"ಕ್ಷಮೆ ಕೇಳಿದ್ರಾ?" ಎಂದೆ.

"ಕೇಳ್ಲಿಕ್ಕೆ ಹೋಗಿದ್ದೆ. ಅದು ಅರಸ ಆಡಿದ ಮಾತು, ನೀವಲ್ಲ ಬಿಡಿ ಅಂದ್ರು." ಮೇಷ್ಟ್ರು ಗೋಡೆ ಕಡೆ ತಿರುಗಿದರು. "ಅರಸ ಅಲ್ಲ ಸಿಸ್ಟರ್. ನಾನೇ. ಸೋಲ್ತಾ ಇದ್ದೆ, ಕೈಗೆ ಸಿಕ್ಕಿದ್ದು ಅದೇ. ಎತ್ತಿ ಹೊಡೆದೆ."

ಆಮೇಲೆ ಅವರಿಗೆ ಇನ್ನೊಂದು ಭಯ ಹಿಡಿಯಿತು. ಹಾಲ್‌ನಲ್ಲಿ ಕಳಸದ ಜನ ಇದ್ದರು. ಕಳಸಕ್ಕೆ ಮುಟ್ಟಿದ ಮಾತು ಸಂಸೆಗೆ ಮುಟ್ಟದೆ ಇರುತ್ತದೆಯೇ? ಆ ಹೆಂಗಸಿಗೆ ಬೇರೆಯವರ ಬಾಯಿಂದ ಗೊತ್ತಾಗುವುದಕ್ಕಿಂತ ಮೊದಲು ತಾವೇ ಹೋಗಿ ಹೇಳಬೇಕು ಎಂದು ಹಟ ಹಿಡಿದರು. ನಾನು ಬೇಡವೆಂದೆ. ಒಬ್ಬರೇ ಬಸ್ ಸ್ಟಾಪಿನವರೆಗೆ ನಡೆದು, ಮಂಡಿ ಹಿಡಿದು ಮೈಲಿಕಲ್ಲಿನ ಮೇಲೆ ಕುಳಿತಿದ್ದವರನ್ನು ವಾಪಸ್ ಕರೆದುಕೊಂಡು ಬಂದ ಮೇಲೆ, ನಾನೇ ರಜೆ ಹಾಕಿ ಜೊತೆಗೆ ಹೊರಟೆ.

ಕೊಟ್ಟಿಗೆಹಾರದಲ್ಲಿ ಬಸ್ಸು ಹತ್ತಿ ಕಳಸ, ಅಲ್ಲಿಂದ ಜೀಪಿನಲ್ಲಿ ಸಂಸೆ. ದಾರಿಯುದ್ದಕ್ಕೂ ಮೇಷ್ಟ್ರು ತುಟಿ ಆಡಿಸುತ್ತಿದ್ದರು. ಏನು ಹೇಳಬೇಕೆಂದು ಕಟ್ಟುತ್ತಿದ್ದರು ಅಂತ ಕಾಣುತ್ತದೆ.

ಅಂಗಳದಲ್ಲಿ ಆ ಅಮ್ಮ ಚಾಪೆಯ ಮೇಲೆ ಬತ್ತ ಹರಡುತ್ತಿದ್ದರು. ಎತ್ತರದ ಹೆಂಗಸು. ತಲೆ ಪೂರ್ತಿ ಬೆಳ್ಳಗೆ. ಅರ್ಧ ಗಂಟೆ ಮಾತಾಡಬಲ್ಲ ಮೇಷ್ಟ್ರು ಅವರೆದುರು ಕೈಮುಗಿದು ನಿಂತರು, ಬಾಯಿಂದ ಒಂದು ಶಬ್ದ ಬರಲಿಲ್ಲ. ನಾನೇ ಎಲ್ಲ ಹೇಳಬೇಕಾಯಿತು. ಹೇಳುವಾಗ ಆ ಮಾತನ್ನು ನಾನೇ ಆಡಿದಷ್ಟು ನಾಚಿಕೆಯಾಯಿತು.

ಅವರು ಕೊನೆವರೆಗೆ ಕೇಳಿದರು. "ನಾನು ಸತ್ತೆ ಅಂತ ಹೇಳಿದ್ರಾ ಅವರು?" ಎಂದರು.

"ಇಲ್ಲಮ್ಮ. ಹೋದಳು ಅಂತ ಮಾತ್ರ ಹೇಳ್ತಿದ್ರು. ನಾವೇ ಹಾಗೆ ತಿಳ್ಕೊಂಡದ್ದು."

"ಹೋದದ್ದು ನಿಜವೇ ಅಲ್ವಾ." ಬತ್ತದಲ್ಲಿ ಕೈಯಾಡಿಸುತ್ತಾ ಹೇಳಿದರು. "ಅವರು ಹೊಡೆದವರಲ್ಲ, ಬೈದವರಲ್ಲ. ನನಗೇ ಅಲ್ಲಿ ಮನಸ್ಸು ನಿಲ್ಲಲಿಲ್ಲ. ಬಿಟ್ಟು ಬಂದವಳು ಅಂತ ಊರೆಲ್ಲ ನನ್ನ ಬೈದಿತ್ತು, ನಮ್ಮ ಅಮ್ಮನೂ ಬೈದಿದ್ಲು. ಅವರೊಬ್ರು ಎಲ್ಲಿಯೂ ಒಂದು ಮಾತು ಆಡ್ಲಿಲ್ಲ. ನನ್ನ ಮರ್ಯಾದೆಗೆ ಅವರು ಬಾಯಿ ಮುಚ್ಚಿಕೊಂಡು ಇದ್ದದ್ದು."

ಮೇಷ್ಟ್ರು ಅಂಗಳದಲ್ಲೇ ಕುಳಿತುಬಿಟ್ಟರು. ಆ ಅಮ್ಮ ಒಳಗೆ ಹೋಗಿ ಬೆಲ್ಲದ ಕಾಫಿ ತಂದರು. ಲೋಟ ಅವರ ಕೈಗೇ ಕೊಟ್ಟು, "ಕುಡೀರಿ. ದೂರದಿಂದ ಬಂದಿದ್ದೀರಿ" ಎಂದರು.

ವಾಪಸ್ ಬರುವಾಗ ಜೀಪಿನಲ್ಲಿ ಮೇಷ್ಟ್ರು ಒಂದೇ ಮಾತು ಆಡಿದ್ದು. "ಬೈದಿದ್ರೆ ಚೆನ್ನಾಗಿತ್ತು, ಸಿಸ್ಟರ್."

ರೈಟ್ರಿಗೆ ಸುದ್ದಿ ಅವತ್ತೇ ಗೊತ್ತಾಯಿತು, ಮೇಷ್ಟ್ರೇ ಹೋಗಿ ಹೇಳಿದರು. ಕೇರಂ ಬೋರ್ಡಿನ ಮುಂದೆ ಒಬ್ಬರೇ ಕುಳಿತಿದ್ದ ರೈಟ್ರು ಎದ್ದು ನಿಂತರು. ಆ ಮನುಷ್ಯ ದನಿ ಏರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಯಾರು ಹೇಳಿದ್ದು ನಿಮಗೆ ಹೋಗ್ಲಿಕ್ಕೆ? ಇಷ್ಟು ವರ್ಷ ನಾನೇ ಹೋಗ್ಲಿಲ್ಲ. ನೀವು ಎಂತಕ್ಕೆ ಹೋದ್ರಿ?"

ಮೇಷ್ಟ್ರು ತಲೆ ತಗ್ಗಿಸಿ ನಿಂತೇ ಇದ್ದರು. ಬಹಳ ಹೊತ್ತಿನ ಮೇಲೆ ರೈಟ್ರು ಕುಳಿತುಕೊಂಡರು. ಕೇರಂ ಬಿಲ್ಲೆಗಳನ್ನು ಸುಮ್ಮನೆ ಒಂದರ ಮೇಲೊಂದು ಇಟ್ಟರು.

"ಹೇಗಿದ್ದಾಳೆ?" ಎಂದರು.

"ಬತ್ತ ಒಣಗಿಸ್ತಾ ಇದ್ರು" ಎಂದರು ಮೇಷ್ಟ್ರು. ಮತ್ತೆ, "ಕಾಫಿ ಕೊಟ್ರು" ಎಂದರು.

ರೈಟ್ರು ತಲೆ ಆಡಿಸಿದರು. ಅಷ್ಟು ಸಾಕಾಯಿತೋ, ಇನ್ನೂ ಕೇಳುವ ಧೈರ್ಯ ಬರಲಿಲ್ಲವೋ... ಗೊತ್ತಿಲ್ಲ.

ಕೋಣೆಗೆ ಮಾತ್ರ ಅವರು ವಾಪಸ್ ಬರಲಿಲ್ಲ. ಆದರೆ ಊಟದ ಹಾಲ್‌ಗೆ ಹೋಗುವ ಮುಂಚೆ ಮೇಷ್ಟ್ರ ಬಾಗಿಲ ಹತ್ತಿರ ನಿಂತು ಕೆಮ್ಮುವುದನ್ನು ಶುರು ಮಾಡಿದರು. ಮೇಷ್ಟ್ರು ಎದ್ದು ಹಿಂದೆ ಹೋಗುತ್ತಿದ್ದರು. ಅವರಿಬ್ಬರನ್ನೂ ಒಟ್ಟಿಗೆ ನೋಡಿದ ಮೇಲೆ ದೊಡ್ಡಮ್ಮ ತಮ್ಮ ಪಕ್ಕದ ಕುರ್ಚಿಯ ಮೇಲಿದ್ದ ಶಾಲು ತೆಗೆದು ಜಾಗ ಬಿಟ್ಟರು.

ಮುಂದಿನ ದೀಪಾವಳಿಗೆ ರೈಟ್ರೇ ಬಂದು, "ಒಂದು ಪ್ರಸಂಗ ಮಾಡುವ ಮೇಷ್ಟ್ರೇ" ಎಂದರು. ಮೇಷ್ಟ್ರು ಒಪ್ಪಲಿಲ್ಲ. ರೈಟ್ರು ಬಿಡಲಿಲ್ಲ. ಕೊನೆಗೆ ಮೇಷ್ಟ್ರು ಭಾಗವತರ ಪಕ್ಕ ಕುಳಿತು ಜಾಗಟೆ ಹಿಡಿದರು. ಸಂಜೆಯಿಡೀ ತಾಳ ತಪ್ಪದೆ ಬಾರಿಸಿದರು. ಅರ್ಥ ಹೇಳುವವರು ಎಲ್ಲೆಲ್ಲಿ ತಡವರಿಸಿದರೋ ಅಲ್ಲೆಲ್ಲ ಅವರ ತುಟಿ ಅಲುಗುತ್ತಿತ್ತು, ದನಿ ಹೊರಡುತ್ತಿರಲಿಲ್ಲ. ಇರುವವರೆಗೂ ಅವರು ಮತ್ತೆ ಅರ್ಥ ಹೇಳಲಿಲ್ಲ. ಹೊರಗಿನಿಂದ ಕರೆಯಲು ಬಂದವರಿಗೆ ಹಲ್ಲು ಹೋಗಿದೆ, ಉಚ್ಚಾರ ಬರುವುದಿಲ್ಲ ಎಂದು ಹೇಳಿ ಕಳಿಸುತ್ತಿದ್ದರು.

ಕೊನೆಯ ಕಾಯಿಲೆಯಲ್ಲಿ ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದರು.

"ಸಿಸ್ಟರ್, ಅವತ್ತು ನಾನು ಆಡಿದ್ದು ಇಲ್ಲಿ ಯಾರಿಗಾದ್ರೂ ನೆನಪಿರಬಹುದಾ?"

"ಇಲ್ಲ ಮೇಷ್ಟ್ರೇ. ಎಲ್ರೂ ಮರ್ತಿದ್ದಾರೆ."

"ನೀವು ಅರ್ಥ ಹೇಳಿದ್ರೆ ಸೋಲ್ತೀರಿ" ಎಂದು ನಕ್ಕರು. ಆಮೇಲೆ ಮುಖ ಆ ಕಡೆ ತಿರುಗಿಸಿಕೊಂಡರು.

ಅವರು ಹೋದ ದಿನ ಕಣ್ಣು ಮುಚ್ಚಿದ್ದು ರೈಟ್ರ ಕೈ. ಹೋದರು ಎಂದು ಬರೆಯುವಾಗ ಈಗಲೂ ನನ್ನ ಕೈ ಒಂದು ಕ್ಷಣ ನಿಲ್ಲುತ್ತದೆ... ಮೇಷ್ಟ್ರು ತೀರಿಕೊಂಡರು. ಎರಡು ಮಳೆಗಾಲ ಕಳೆದು ರೈಟ್ರೂ ತೀರಿಕೊಂಡರು. ಸಂಸೆಗೆ ತಿಳಿಸಬೇಕೇ ಬೇಡವೇ ಎಂದು ಯೋಚಿಸುತ್ತಲೇ ಇದ್ದೆ. ಆಮೇಲೆ ಯಾರೋ ಆ ಅಮ್ಮನೂ ಇಲ್ಲವೆಂದರು. ಇದನ್ನೆಲ್ಲ ಬರೆಯುವುದೂ ಗುಟ್ಟಾಗಿ ಹೇಳಿದ್ದನ್ನು ಸಭೆಯಲ್ಲಿ ಆಡಿದ ಹಾಗೆಯೇ ಅಲ್ಲವೇ ಎಂಬ ಅಳುಕು ನನಗಿದೆ. ಅದಕ್ಕೇ ಯಾರ ಹೆಸರನ್ನೂ ಹಾಕಿಲ್ಲ.

ಹೋದ ತಿಂಗಳು ಆ ದಿನ ಬಸ್ಸಿನಿಂದ ಮನೆಗೆ ಹೋಗುವ ಬದಲು ಬಂಗಲೆಯ ತಿರುವಿನಲ್ಲೇ ಇಳಿದೆ. ನಿವಾಸ ಮುಚ್ಚಿ ಎಷ್ಟೋ ವರ್ಷವಾಯಿತು, ಈಗ ಅದು ಹೋಂಸ್ಟೇ. ಹಾಲ್‌ನ ಗೋಡೆಗೆ ಹೊಸ ಬಣ್ಣ, ಒಳಗಿನಿಂದ ಪ್ರವಾಸಿಗಳ ನಗು. ಗೇಟಿನಲ್ಲಿದ್ದ ಕಾವಲಿನವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಯಾರು ಬೇಕಿತ್ತು ಅಮ್ಮ?"

ಹೆಸರು ಬಾಯಿಗೆ ಬಂದಿತ್ತು. ನುಂಗಿಕೊಂಡೆ.

"ಯಾರೂ ಇಲ್ಲ ಬಿಡು ಮಾರಾಯ" ಎಂದು ರಸ್ತೆಯ ಕಡೆಗೆ ತಿರುಗಿದೆ.